ಹೈಬ್ರಿಡ್ ಕಾರಿನ ಆಟೋ ಎ.ಸಿ.: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಈಚೆಗೆ ನಮ್ಮ ಸದಸ್ಯರ ಮನೆಗಳ ಮುಂದೆ ಹೈಬ್ರಿಡ್ ಕಾರುಗಳು ಕಾಣತೊಡಗಿವೆ. ಇನ್ನೋವಾ ಹೈಕ್ರಾಸ್, ಹೈರೈಡರ್ ಕಾರುಗಳಂತೂ ಕರ್ನಾಟಕದ ಬಿಡದಿಯಲ್ಲೇ ತಯಾರಾಗುತ್ತವೆ. ಸಭೆಗೆ, ಮದುವೆಗೆ, ಆಸ್ಪತ್ರೆಗೆ ಎಂದು ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ನಾವೆಲ್ಲ ಗಡಿಯ ಆಚೆ ಈಚೆ ಓಡಾಡುವವರು. ಎಂಜಿನ್ ನಿಂತಿದ್ದರೂ ತಂಪು ಗಾಳಿ ಹೇಗೆ ಬರುತ್ತದೆ, ಬ್ಯಾಟರಿ ಖಾಲಿಯಾಗುವುದಿಲ್ಲವೇ, ಎಷ್ಟು ಡಿಗ್ರಿಗೆ ಇಡಬೇಕು ಎಂಬ ಪ್ರಶ್ನೆಗಳು ಸಹಜ. ಕಾರಿನ ಜೊತೆ ಕೊಡುವ ಕೈಪಿಡಿ ದಪ್ಪ ಇಂಗ್ಲಿಷ್ ಪುಸ್ತಕ. ಅದನ್ನು ಪೂರ್ತಿ ಓದುವವರು ಕಡಿಮೆ. ಆದ್ದರಿಂದ ಮುಖ್ಯ ವಿಷಯಗಳನ್ನು ಕನ್ನಡದಲ್ಲಿ ಇಲ್ಲಿ ಕೊಟ್ಟಿದ್ದೇವೆ.

1. ಎಂಜಿನ್ ನಿಂತರೂ ತಂಪು ಹೇಗೆ?

ಸಾಮಾನ್ಯ ಕಾರಿನಲ್ಲಿ ಎ.ಸಿ.ಯ ಕಂಪ್ರೆಸರ್ ಅನ್ನು ಎಂಜಿನ್ನಿನ ಬೆಲ್ಟ್ ತಿರುಗಿಸುತ್ತದೆ. ಎಂಜಿನ್ ನಿಂತರೆ ಕಂಪ್ರೆಸರೂ ನಿಂತಿತು. ಫ್ಯಾನಿನ ಗಾಳಿ ಮಾತ್ರ ಬರುತ್ತದೆ. 1997ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ರಿಯಸ್ ಹೈಬ್ರಿಡ್ ಕಾರಿನಲ್ಲೂ ಬೆಲ್ಟಿನ ಕಂಪ್ರೆಸರೇ ಇತ್ತು. 2003ರ ಎರಡನೆಯ ಪ್ರಿಯಸ್‌ನಲ್ಲಿ ಕಂಪ್ರೆಸರಿಗೆ ತನ್ನದೇ ಮೋಟಾರು ಬಂತು. ಈಗಿನ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಲ್ಲಿ ಇರುವುದು ಇದೇ ವ್ಯವಸ್ಥೆ. ದೊಡ್ಡ ಬ್ಯಾಟರಿಯ ಕರೆಂಟಿನಿಂದ ಕಂಪ್ರೆಸರ್ ಓಡುತ್ತದೆ, ಸಿಗ್ನಲ್ಲಿನಲ್ಲಿ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಹೆಸರಿನಲ್ಲಿ ಹೈಬ್ರಿಡ್ ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್ ಅಥವಾ ಸ್ಮಾರ್ಟ್ ಹೈಬ್ರಿಡ್ ಎನ್ನುವ ಕಾರುಗಳಲ್ಲಿ ಸಾಮಾನ್ಯವಾಗಿ ಬೆಲ್ಟಿನ ಕಂಪ್ರೆಸರೇ ಇರುತ್ತದೆ. ಈ ಲೇಖನದಲ್ಲಿ ಹೇಳಿರುವುದು ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ.

ಆ ಕರೆಂಟು ಬಿಟ್ಟಿ ಬರುವುದೂ ಅಲ್ಲ. ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸು ಸಿಗುತ್ತದೆ, ಉಳಿದದ್ದು ಪೆಟ್ರೋಲಿನಿಂದಲೇ ಬರಬೇಕು. ಕಾರು ನಿಂತಿರುವಾಗ ಎ.ಸಿ. ಓಡುತ್ತಿದ್ದರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಒಂದು ಮಟ್ಟಕ್ಕೆ ಇಳಿದಾಗ ಎಂಜಿನ್ ತಾನಾಗಿಯೇ ಶುರುವಾಗಿ ಬ್ಯಾಟರಿ ತುಂಬಿ ಮತ್ತೆ ನಿಲ್ಲುತ್ತದೆ. ಇದು ದೋಷವಲ್ಲ, ಗಾಬರಿ ಬೇಡ.

2. ಆಟೋಗೆ ಬಿಟ್ಟುಬಿಡಿ

ಆಟೋ ಗುಂಡಿ ಒತ್ತಿ ಡಿಗ್ರಿ ಹೇಳಿದರೆ ಸಾಕು. ಒಳಗಿನ ಶಾಖ, ಹೊರಗಿನ ಶಾಖ, ಬೀಳುವ ಬಿಸಿಲು ಎಲ್ಲವನ್ನೂ ಸೆನ್ಸಾರುಗಳಿಂದ ಅಳೆದು ಫ್ಯಾನು, ಕಂಪ್ರೆಸರ್ ಎಷ್ಟು ದುಡಿಯಬೇಕೆಂದು ಅದೇ ತೀರ್ಮಾನಿಸುತ್ತದೆ.

ಸೊಲ್ಲಾಪುರದ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ 18ಕ್ಕೋ ಲೋ ಎಂಬಲ್ಲಿಗೋ ಇಳಿಸುವುದು ಅನೇಕರ ರೂಢಿ. ಅದರಿಂದ ಬೇಗ ತಂಪಾಗುವುದಿಲ್ಲ. ಒಳಗೆ ಕಾದು ಕೆಂಡವಾಗಿರುವಾಗ 24ಕ್ಕೆ ಇಟ್ಟರೂ ಆಟೋ ಮೊದಲು ಜೋರಾಗಿಯೇ ದುಡಿಯುತ್ತದೆ. ವ್ಯತ್ಯಾಸ ಇರುವುದು ಎಲ್ಲಿಗೆ ಬಂದು ನಿಧಾನಿಸಬೇಕು ಎಂಬುದರಲ್ಲಿ. ಲೋ ಎಂದರೆ ಅದು ನಿಧಾನಿಸುವುದೇ ಇಲ್ಲ. ಮನೆಯ ಎ.ಸಿ.ಗಳಿಗೆ ಕೇಂದ್ರ ಸರ್ಕಾರ 2020ರ ಜನವರಿಯಿಂದ 24 ಡಿಗ್ರಿಯನ್ನೇ ಆರಂಭದ ಮಟ್ಟವೆಂದು ಗೊತ್ತುಮಾಡಿದೆ. ಕಾರಿನಲ್ಲೂ 24ರಿಂದ 26 ಒಳ್ಳೆಯ ಅಳತೆ. ವಯಸ್ಸಾದವರ ಮೊಣಕಾಲಿಗೂ ಅದೇ ಹಿತ.

ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಗಳನ್ನು ಮೊದಲು ಒಂದೆರಡು ನಿಮಿಷ ತೆರೆದು ಬಿಸಿ ಗಾಳಿ ಹೊರಹಾಕಿ. ಆಮೇಲೆ ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ. ದೂರದ ಪ್ರಯಾಣದಲ್ಲಿ ಆಗಾಗ ಹೊರಗಿನ ಗಾಳಿಗೂ ಅವಕಾಶ ಕೊಡಿ, ಇಲ್ಲವಾದರೆ ತೂಕಡಿಕೆ ಬರುತ್ತದೆ. ಇಕೋ ಮೋಡ್‌ನಲ್ಲಿ ಅನೇಕ ಕಾರುಗಳು ಎ.ಸಿ.ಯ ಶಕ್ತಿಯನ್ನೂ ತಗ್ಗಿಸುತ್ತವೆ. ಸೆಕೆ ತಡೆಯಲಾಗದಿದ್ದರೆ ಸ್ವಲ್ಪ ಹೊತ್ತು ನಾರ್ಮಲ್‌ಗೆ ಬನ್ನಿ.

ಬಿಸಿಲು ಅಳೆಯುವ ಸೆನ್ಸಾರು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನ ಬುಡದಲ್ಲಿ, ಸಣ್ಣ ಕಪ್ಪು ಗುಬ್ಬಿಯಂತೆ ಇರುತ್ತದೆ. ದೇವರ ವಿಗ್ರಹ, ಹೂವು, ಬಟ್ಟೆ ಇಟ್ಟು ಅದನ್ನು ಮುಚ್ಚಬೇಡಿ. ಗಣಪತಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಕೂರಿಸಿದರೆ ಆಯಿತು.

3. ಚಳಿಯಲ್ಲಿ ಮತ್ತು ಮಳೆಯಲ್ಲಿ

ತಂಪಿಗೆ ಬ್ಯಾಟರಿ, ಬಿಸಿಗೆ ಎಂಜಿನ್ ಎಂದು ನೆನಪಿಟ್ಟುಕೊಳ್ಳಿ. ಸಾಮಾನ್ಯವಾಗಿ ಹೈಬ್ರಿಡ್ ಕಾರಿನ ಹೀಟರಿಗೆ ಶಾಖ ಬರುವುದು ಎಂಜಿನ್ನಿನ ನೀರಿನಿಂದ. ಆದ್ದರಿಂದ ಜನವರಿಯ ಬೆಳಿಗ್ಗೆ ಊಟಿಯಲ್ಲಿ 26 ಡಿಗ್ರಿ ಕೇಳಿದರೆ, ಕಾರು ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಡಿಗ್ರಿಯನ್ನು ಸ್ವಲ್ಪ ಇಳಿಸಿ ಸ್ವೆಟರ್ ಹಾಕಿಕೊಂಡರೆ ಪೆಟ್ರೋಲು ಉಳಿಯುತ್ತದೆ.

ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಗಾಜು ಮಂಜಾಗುವುದು ದೊಡ್ಡ ತೊಂದರೆ. ಮಂಜು ಒಳಗಡೆ ಇದ್ದರೆ ಎ.ಸಿ. ಹಾಕಿ, ಹೊರಗಿನ ಗಾಳಿ ಬರುವಂತೆ ಮಾಡಿ, ಮುಂದಿನ ಗಾಜಿಗೆ ಗಾಳಿ ಹೊಡೆಯುವ ಗುಂಡಿ ಒತ್ತಿ, ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ. ಮಂಜು ಗಾಜಿನ ಹೊರಗಡೆ ಇದ್ದರೆ ಒಳಗೆ ತಂಪು ಹೆಚ್ಚಾಗಿದೆ ಎಂದರ್ಥ. ಡಿಗ್ರಿ ಏರಿಸಿ, ವೈಪರ್ ಹಾಕಿ.

4. ನಿಂತ ಕಾರಿನಲ್ಲಿ ಕೂರುವಾಗ

ಇದು ಜೀವದ ವಿಷಯವಾದ್ದರಿಂದ ಮನೆಮಂದಿಗೆಲ್ಲ ಓದಿ ಹೇಳಿ.

ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿದ್ದರೂ ರೆಡಿ ದೀಪ ಉರಿಯುತ್ತಿದ್ದರೆ ಅದು ಚಾಲೂ ಇದೆ ಎಂದೇ ತಿಳಿಯಬೇಕು. ಎಂಜಿನ್ ಯಾವ ಕ್ಷಣದಲ್ಲಾದರೂ ಶುರುವಾಗಬಹುದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎ.ಸಿ. ಹಾಕಿಕೊಂಡು ಕೂತರೆ ಅಥವಾ ಮಲಗಿದರೆ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಎ.ಸಿ. ಓಡುತ್ತಿದೆಯಲ್ಲ ಎಂಬ ಧೈರ್ಯದಿಂದ ಮಗುವನ್ನಾಗಲಿ, ಕೈಲಾಗದ ಹಿರಿಯರನ್ನಾಗಲಿ ಒಬ್ಬರನ್ನೇ ಬಿಟ್ಟು ಹೋಗಬೇಡಿ. ಮಗು ಒಂದು ಗುಂಡಿ ಒತ್ತಿದರೂ ಎ.ಸಿ. ನಿಲ್ಲಬಹುದು. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ.

ಬಯಲಿನಲ್ಲಿ ಎ.ಸಿ. ಹಾಕಿ ಕಾಯಬೇಕಾದರೆ ಗೇರು ಪಿ.ಯಲ್ಲಿರಲಿ, ರೆಡಿ ದೀಪ ಉರಿಯುತ್ತಿರಲಿ. ಬ್ರೇಕ್ ತುಳಿಯದೆ ಬರೀ ಗುಂಡಿ ಒತ್ತಿದರೆ ಫ್ಯಾನು ತಿರುಗೀತು, ತಂಪು ಬರುವುದಿಲ್ಲ. 12 ವೋಲ್ಟಿನ ಚಿಕ್ಕ ಬ್ಯಾಟರಿ ಖಾಲಿಯಾಗುತ್ತದೆ, ಆಮೇಲೆ ಕಾರು ಏಳುವುದಿಲ್ಲ. ರೈಲ್ವೆ ಗೇಟಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ಅಭ್ಯಾಸವನ್ನೂ ಬಿಡಿ. ಟೊಯೊಟಾ ಹೈಬ್ರಿಡ್ ಕಾರುಗಳಲ್ಲಿ ಗೇರು ಎನ್.ನಲ್ಲಿದ್ದರೆ ದೊಡ್ಡ ಬ್ಯಾಟರಿ ತುಂಬುವುದಿಲ್ಲ, ಎ.ಸಿ. ಮಾತ್ರ ಅದನ್ನು ಬರಿದು ಮಾಡುತ್ತಿರುತ್ತದೆ.

5. ಬ್ಯಾಟರಿಗೂ ಗಾಳಿ ಬೇಕು

ಅನೇಕ ಹೈಬ್ರಿಡ್ ಕಾರುಗಳಲ್ಲಿ ದೊಡ್ಡ ಬ್ಯಾಟರಿಯನ್ನು ತಂಪಾಗಿಡುವುದು ಕಾರಿನ ಒಳಗಿನ ಗಾಳಿಯೇ. ಅದನ್ನು ಎಳೆದುಕೊಳ್ಳುವ ಜಾಲರಿ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಕೈಪಿಡಿ ನೋಡಿ ಗುರುತಿಸಿಕೊಳ್ಳಿ. ಚೀಲ, ಚಾಪೆ, ಅಕ್ಕಿ ಮೂಟೆ ಅಡ್ಡ ಇಡಬೇಡಿ. ಅದಕ್ಕೆ ಫಿಲ್ಟರ್ ಇದ್ದರೆ ಸರ್ವಿಸ್‌ನಲ್ಲಿ ಶುಚಿಮಾಡಿಸಿ. ಆದವಾನಿ, ರಾಯದುರ್ಗದ ಕಡೆಯ ಧೂಳಿನಲ್ಲಿ ಓಡುವ ಕಾರುಗಳಿಗೆ ಇದು ಇನ್ನೂ ಮುಖ್ಯ.

6. ಗ್ಯಾಸ್ ತುಂಬಿಸುವಾಗ

ಗ್ಯಾಸ್ ಕಡಿಮೆಯಾದಾಗ ಹತ್ತಿರದ ಯಾವುದೋ ಗ್ಯಾರೇಜಿಗೆ ಹೋಗುವುದು ನಮ್ಮೆಲ್ಲರ ಅಭ್ಯಾಸ. ಅನೇಕ ಹೈಬ್ರಿಡ್ ಕಾರುಗಳ ಗ್ಯಾಸೂ ಸಾಮಾನ್ಯ ಕಾರುಗಳದೇ, ಅಂದರೆ ಆರ್-134ಎ. ಆದರೆ ಅದರ ಜೊತೆ ಹೋಗುವ ಎಣ್ಣೆ ಬೇರೆ. ಬೆಲ್ಟಿನ ಕಂಪ್ರೆಸರಿಗೆ ಸಾಮಾನ್ಯವಾಗಿ ಪಿ.ಎ.ಜಿ. ಎಣ್ಣೆ; ಎಲೆಕ್ಟ್ರಿಕ್ ಕಂಪ್ರೆಸರಿಗೆ ಕರೆಂಟು ಹರಿಯಗೊಡದ ಪಿ.ಒ.ಇ. ಎಣ್ಣೆ. ಮೋಟಾರು ಆ ಎಣ್ಣೆಯಲ್ಲೇ ಮುಳುಗಿರುವುದರಿಂದ ತಪ್ಪು ಎಣ್ಣೆ ಸ್ವಲ್ಪ ಬೆರೆತರೂ ಕರೆಂಟು ಸೋರತೊಡಗುತ್ತದೆ. ಕಾರು ಅದನ್ನು ಗುರುತಿಸಿ ಚಾಲೂ ಆಗಲು ನಿರಾಕರಿಸಬಹುದು. ಆಮೇಲಿನ ಖರ್ಚು ಗ್ಯಾಸಿನ ಖರ್ಚಿಗಿಂತ ಎಷ್ಟೋ ಪಾಲು.

ಮೆಕ್ಯಾನಿಕ್ ಮರಾಠಿಯವರಿರಲಿ, ತೆಲುಗು, ತಮಿಳು, ಮಲಯಾಳದವರಿರಲಿ, ಈ ಮಾತುಗಳು ಎಲ್ಲರಿಗೂ ಅರ್ಥವಾಗುತ್ತವೆ: ಹೈಬ್ರಿಡ್, ಎಲೆಕ್ಟ್ರಿಕ್ ಕಂಪ್ರೆಸರ್, ಪಿ.ಒ.ಇ. ಆಯಿಲ್. ಬಾನೆಟ್ ಎತ್ತುವ ಮೊದಲೇ ಹೇಳಿ. ಅನುಮಾನವಿದ್ದರೆ ಹೈಬ್ರಿಡ್ ಕೆಲಸ ಬಲ್ಲ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಇರುತ್ತದೆ. ಅವನ್ನು ಯಾರೂ ಮುಟ್ಟಬಾರದು, ಮನೆಯಲ್ಲಿ ಎಂಜಿನ್ ತೊಳೆಯುವ ಸಾಹಸವೂ ಬೇಡ.

ಕಾರು ಓಡಿಸುವ ಮಕ್ಕಳಿಗೂ ಚಾಲಕರಿಗೂ ಇದನ್ನು ದಯವಿಟ್ಟು ತೋರಿಸಿ. 4 ಮತ್ತು 6ನೇ ಅಂಶಗಳನ್ನು ಮುದ್ರಿಸಿ ಕಾರಿನಲ್ಲೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ತಮ್ಮೆಲ್ಲರ ಪ್ರಯಾಣ ಸುಖಕರವಾಗಿರಲಿ.

– ಕಾರ್ಯದರ್ಶಿ