ಹುಲಿಯ ಮುಂದೆ ಕುಳಿತು ಇಂಗ್ಲಿಷ್ ಪಾಠ

ಹತ್ತು ವರ್ಷ ಇಂಗ್ಲಿಷ್ ಓದಿ, ವ್ಯಾಕರಣದ ಸೂತ್ರಗಳನ್ನೆಲ್ಲ ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವರು ಕೂಡ, ಪರಸ್ಥಳದವರೊಬ್ಬರು ಎದುರಿಗೆ ನಿಂತು ಆ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದೊಡನೆ ತಬ್ಬಿಬ್ಬಾಗುವುದು ಎಲ್ಲೆಡೆಯೂ ಕಾಣಬರುವ ಸಂಗತಿ. ಪದಗಳು ತಿಳಿಯವೆಂದಲ್ಲ, ತಿಳಿದಿವೆ. ಆದರೆ ಅವು ಪುಸ್ತಕದಲ್ಲಿಯೇ ಮಲಗಿವೆ. ಮೊದಲು ಮನಸ್ಸಿನಲ್ಲಿ ಕನ್ನಡದ ವಾಕ್ಯ ಮೂಡಬೇಕು. ಅದನ್ನು ಒಂದೊಂದೇ ಪದವಾಗಿ ಇಂಗ್ಲಿಷಿಗೆ ತಿರುಗಿಸಬೇಕು. ಅಷ್ಟರಲ್ಲಿ ಕೇಳಿದವರು ಬೇರೊಂದು ಮಾತಿಗೆ ಹೋಗಿರುತ್ತಾರೆ.

ಪರದೇಶಗಳಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದವರಿಗೆ ಈ ಸಂಕಟ ಇನ್ನೂ ಹೆಚ್ಚು. ತನ್ನೂರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುತ್ತಿದ್ದ ಗೃಹಿಣಿ ಅಲ್ಲಿ ಅಂಗಡಿಯವನ ಮುಂದೆ ಎಳೆಯ ಮಗುವಿನಂತೆ ಬೆರಳು ತೋರಿಸಿ ವ್ಯವಹರಿಸಬೇಕಾಗುತ್ತದೆ. ವೈದ್ಯರ ಬಳಿ ತನ್ನ ನೋವನ್ನು ಹೇಳಿಕೊಳ್ಳಲು ಶಾಲೆಗೆ ಹೋಗುವ ಮಗ ದುಭಾಷಿಯಾಗಿ ಬರಬೇಕಾಗುತ್ತದೆ. ಇಂಥ ವಯಸ್ಕರಿಗೆ ಮಕ್ಕಳ ಪಾಠಪುಸ್ತಕ ಹಿಡಿಸುವುದು ಬುದ್ಧಿವಂತರಿಗೆ ಮಾಡುವ ಅವಮಾನವೇ ಸರಿ. ಆದುದರಿಂದಲೇ ಲಂಡನ್ನಿನ ಕೆಲವು ಅಧ್ಯಾಪಕರು ಅವರನ್ನು ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ಯುವ ಪರಿಪಾಠ ಬೆಳೆದಿದೆ. ಬ್ರಿಟಿಷ್ ಮ್ಯೂಸಿಯಂ ಇಂಗ್ಲಿಷ್ ಕಲಿಯುವ ವಯಸ್ಕರಿಗಾಗಿಯೇ ಪಾಠಸಾಮಗ್ರಿಯನ್ನು ಸಿದ್ಧಪಡಿಸಿದೆ. ಅಲ್ಲಿ ಕೆಲವೊಮ್ಮೆ ಕೈಗೆ ಬರುವುದು ನಿಘಂಟಲ್ಲ. ಒಂದು ಪೆನ್ಸಿಲು, ಒಂದಷ್ಟು ಬಿಳಿಯ ಹಾಳೆ.

ವಸ್ತುಸಂಗ್ರಹಾಲಯದಲ್ಲಿ ಕುಳಿತು ಚಿತ್ರ ಬರೆಯುವುದು ಆ ನಗರಕ್ಕೆ ಹೊಸದೇನಲ್ಲ. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂಬ ಹೆಸರಿನ ಸಂಗ್ರಹಾಲಯವು 1852ರಲ್ಲಿ ಹುಟ್ಟಿದ್ದೇ ಕುಶಲಕರ್ಮಿಗಳ ಕಣ್ಣನ್ನು ತಿದ್ದಬೇಕೆಂಬ ಉದ್ದೇಶದಿಂದ. 1857ರಲ್ಲಿ ಅದು ಸೌತ್ ಕೆನ್ಸಿಂಗ್ಟನ್ನಿಗೆ ಬಂದಿತು. ಹಗಲೆಲ್ಲ ದುಡಿಯುವವರೂ ಬಂದು ನೋಡಲೆಂದು ಗ್ಯಾಸ್ ದೀಪಗಳನ್ನು ಹೊತ್ತಿಸಿ ಸಂಜೆಯೂ ಬಾಗಿಲು ತೆರೆದಿಡುತ್ತಿದ್ದರು. ಅದೇ ದಿನಗಳಲ್ಲಿ, 1854ರಿಂದ, ಜಾನ್ ರಸ್ಕಿನ್ ಲಂಡನ್ನಿನ ಕಾರ್ಮಿಕರ ಕಾಲೇಜೊಂದರಲ್ಲಿ ಚಿತ್ರಲೇಖನ ಕಲಿಸುತ್ತಿದ್ದನು. ಬಡಗಿಯನ್ನು ಚಿತ್ರಕಾರನನ್ನಾಗಿ ಮಾಡುವುದು ಅವನ ಗುರಿಯಾಗಿರಲಿಲ್ಲ. ಬಡಗಿ ಬಡಗಿಯಾಗಿಯೇ ಇದ್ದು ಚೆನ್ನಾಗಿ ನೋಡಲು ಕಲಿಯಲಿ ಎಂಬುದು ಅವನ ಆಶಯವಾಗಿತ್ತು. ಭಾಷೆಯನ್ನು ಕಲಿಯುವವನಿಗೆ ಬೇಕಾದುದೂ ಇದೇ ನೋಟ.

ಈ ಪಾಠ ನಡೆಯುವ ಬಗೆಯನ್ನು ತಿಳಿಯಲು ಕನ್ನಡಿಗರಿಗೆ ಪರಿಚಿತವಾದ ಒಂದು ವಸ್ತುವನ್ನೇ ತೆಗೆದುಕೊಳ್ಳಬಹುದು. ಆ ಸಂಗ್ರಹಾಲಯದ ಸ್ವತ್ತುಗಳಲ್ಲಿ ಜನಪ್ರಿಯವಾದುದು ಟಿಪ್ಪೂ ಸುಲ್ತಾನನ ಮರದ ಹುಲಿ. ಬಣ್ಣ ಬಳಿದ ಈ ಹುಲಿಯ ಉದ್ದ ಸುಮಾರು 172 ಸೆಂಟಿಮೀಟರು. ಅಂಗಾತ ಬಿದ್ದ ಐರೋಪ್ಯ ಸೈನಿಕನೊಬ್ಬನ ಮೇಲೆರಗಿ ಅದು ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುತ್ತವೆ. ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಏರಿಳಿಯುತ್ತದೆ. ಹುಲಿಯ ಮಗ್ಗುಲಿನ ಮುಚ್ಚಳವನ್ನು ತೆರೆದರೆ ಒಳಗೆ ನುಡಿಸಲು ಬರುವ ಪುಟ್ಟದೊಂದು ಆರ್ಗನ್ ವಾದ್ಯವೂ ಇದೆ.

ಕಲಿಯುವವರು ಇದನ್ನು ಬರೆಯಲು ಕುಳಿತರೆನ್ನಿ. ಸುಮ್ಮನೆ ನೋಡುವವರು ಅರ್ಧ ನಿಮಿಷದಲ್ಲಿ ಮುಂದೆ ಸಾಗುತ್ತಾರೆ. ಬರೆಯುವವರು ಅರ್ಧ ಗಂಟೆ ಕೂರಲೇಬೇಕು. ಮೊದಲು ಬೇಕಾಗುವುದು ನಾಮಪದಗಳು. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಕನ್ನಡದ 'ಕೈ' ಎಂಬ ಒಂದೇ ಮಾತು ಭುಜದಿಂದ ಬೆರಳ ತುದಿಯವರೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಪೆನ್ಸಿಲು ಸೈನಿಕನ ಭುಜದಿಂದ ಇಳಿದು ಮಣಿಕಟ್ಟನ್ನು ಮುಟ್ಟುವವರೆಗೆ ಬರೆದದ್ದು 'ಆರ್ಮ್'. ಅಲ್ಲಿಂದ ಮುಂದೆ 'ಹ್ಯಾಂಡ್'. 'ಕಾಲಿ'ನಲ್ಲಿಯೂ 'ಲೆಗ್' ಬೇರೆ, 'ಫುಟ್' ಬೇರೆ. ಉಗುರು ಮನುಷ್ಯನದಾದರೆ 'ನೇಲ್', ಹುಲಿಯದಾದರೆ 'ಕ್ಲಾ'. ನಿಘಂಟು ಈ ಭೇದವನ್ನು ಹೇಳುತ್ತದೆ, ನಿಜ. ಆದರೆ ಕೈಯೇ ಆ ಗಡಿಯನ್ನು ದಾಟಿದಾಗ ಅದು ಮರೆಯುವುದು ಕಷ್ಟ.

ಅನಂತರದ ಸರದಿ, ಕನ್ನಡಿಗರನ್ನು ಬಹಳ ಕಾಡುವ ಪುಟ್ಟ ಪುಟ್ಟ ಪದಗಳದು. ಕನ್ನಡದಲ್ಲಿ ಎಲ್ಲಕ್ಕೂ 'ಮೇಲೆ' ಎಂದರೆ ಸಾಕು. ಇಂಗ್ಲಿಷಿನಲ್ಲಿ ಹುಲಿ ಸೈನಿಕನ 'ಆನ್'. ಚಾವಣಿ ಹುಲಿಯ 'ಅಬವ್'. ಈ ಭೇದವನ್ನು ಪೆನ್ಸಿಲು ಬಲ್ಲದು: ಒಂದರ ಗೆರೆ ಇನ್ನೊಂದನ್ನು ತಾಗಿದರೆ 'ಆನ್', ನಡುವೆ ಬಿಳಿಯ ಹಾಳೆ ಉಳಿದರೆ 'ಅಬವ್'. ಕ್ರಿಯಾಪದದ ಕಥೆಯೂ ಹೀಗೆಯೇ. ಹುಲಿಗಳು ಕಚ್ಚುತ್ತವೆ ಎಂಬ ಸಾಮಾನ್ಯ ಸಂಗತಿಗೆ 'ಬೈಟ್' ಸಾಕು. ಕಣ್ಣೆದುರಿನ ಈ ಹುಲಿ ಕಚ್ಚುತ್ತಲೇ ಇದೆ, ಆದುದರಿಂದ 'ಈಸ್ ಬೈಟಿಂಗ್'. ಮೊದಲ ಸಲ ಹೆಸರಿಸುವಾಗ 'ಎ ಟೈಗರ್'. ಹಾಳೆಯ ಮೇಲೆ ಅದು ಮೂಡಿ ಇಬ್ಬರಿಗೂ ಗೊತ್ತಾದ ಮೇಲೆ 'ದಿ ಟೈಗರ್'. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಪದವೇ ಇಲ್ಲವಾದ್ದರಿಂದ ಸೂತ್ರದಿಂದ ಕಲಿಯುವುದಕ್ಕಿಂತ ಸಂದರ್ಭದಿಂದ ಕಲಿಯುವುದೇ ಸುಲಭ.

ಬರೆದು ಮುಗಿದ ಬಳಿಕ ಮಾತು ತಾನಾಗಿ ಹುಟ್ಟುತ್ತದೆ. ಒಬ್ಬರು ಕುಳಿತದ್ದು ತಲೆಯ ಕಡೆ, ಇನ್ನೊಬ್ಬರು ಬಾಲದ ಕಡೆ. ಒಂದು ಚಿತ್ರದಲ್ಲಿ ಹಿಡಿ ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. ಏಕೆ? ಇದು ಅಧ್ಯಾಪಕರು ಉತ್ತರವನ್ನು ಮೊದಲೇ ಬಲ್ಲ ಸುಳ್ಳು ಪ್ರಶ್ನೆಯಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳುವ ಪ್ರಶ್ನೆ. ಚಿತ್ರ ಕೆಟ್ಟಿದ್ದರೂ ನಷ್ಟವಿಲ್ಲ. ಹುಲಿ ಬೆಕ್ಕಿನಂತಾಗಿದ್ದರೆ ಅದು ಹುಲಿಯೇ ಎಂದು ಸಾಧಿಸಿ ತೋರಿಸಲು ಇನ್ನೂ ನಾಲ್ಕು ವಾಕ್ಯಗಳು ಬೇಕಾಗುತ್ತವೆ!

ಚಿತ್ರಕ್ಕೂ ಭಾಷಾಕಲಿಕೆಗೂ ಇರುವ ನಂಟು ಹಳೆಯದು. ಮೊರಾವಿಯದ ಶಿಕ್ಷಣತಜ್ಞ ಕಮೇನಿಯಸ್ 1658ರಲ್ಲಿ ಮಕ್ಕಳಿಗೆ ಲ್ಯಾಟಿನ್ ಕಲಿಸಲು ಒಂದು ಸಚಿತ್ರ ಪುಸ್ತಕವನ್ನು ಪ್ರಕಟಿಸಿದನು. ಚಿತ್ರದ ಒಂದೊಂದು ಭಾಗಕ್ಕೂ ಒಂದು ಅಂಕಿ. ಪದದ ಪಕ್ಕದಲ್ಲಿಯೂ ಅದೇ ಅಂಕಿ. ಮರುವರ್ಷವೇ ಅದು ಇಂಗ್ಲಿಷಿನಲ್ಲಿಯೂ ಬಂದಿತು. ಈಚೆಗೆ, 2016ರಲ್ಲಿ, ಕೆನಡದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕೆಲವು ಪದಗಳನ್ನು ಮತ್ತೆ ಮತ್ತೆ ಅಕ್ಷರಗಳಲ್ಲಿ ಬರೆಯಬೇಕು, ಕೆಲವನ್ನು ಚಿತ್ರವಾಗಿ ಬರೆಯಬೇಕು. ಆಮೇಲೆ ನೆನಪಿಗೆ ಬಂದವುಗಳಲ್ಲಿ ಚಿತ್ರ ಬರೆದ ಪದಗಳೇ ಹೆಚ್ಚು. ಬರೆದವರ ಕೈಚಳಕಕ್ಕೆ ಇದರಲ್ಲಿ ಪ್ರಾಧಾನ್ಯವಿರಲಿಲ್ಲ. ಆ ಪದಗಳು ಅವರು ಮೊದಲೇ ಬಲ್ಲ ಪದಗಳು ಎಂಬುದನ್ನು ಮರೆಯಬಾರದು. ಹೊಸ ಭಾಷೆ ಇಷ್ಟರಿಂದಲೇ ಬಂದುಬಿಡುತ್ತದೆಂದು ಅರ್ಥವಲ್ಲ. ಆದರೆ ಕಣ್ಣು, ಕೈ, ಅರ್ಥ ಮೂರೂ ಒಟ್ಟಿಗೆ ದುಡಿದಾಗ ನೆನಪು ಗಟ್ಟಿಯಾಗುತ್ತದೆ ಎಂಬುದು ಸ್ಪಷ್ಟ. ಕನ್ನಡಿಗರಿಗೆ ಇದು ಅಚ್ಚರಿಯಾಗಬೇಕಿಲ್ಲ. ಇಂಗ್ಲಿಷಿನಲ್ಲಿ 'ರೈಟ್' ಮತ್ತು 'ಡ್ರಾ' ಎರಡು ಬೇರೆ ಕೆಲಸಗಳು. ಕನ್ನಡದ ಮನೆಗಳಲ್ಲಿ ಅಕ್ಷರವನ್ನೂ 'ಬರೆಯು'ತ್ತಾರೆ, ಚಿತ್ರವನ್ನೂ 'ಬರೆಯು'ತ್ತಾರೆ.

ಈ ಮಾರ್ಗಕ್ಕೆ ಮಿತಿಯೂ ಉಂಟು. ಕಾಣುವ ವಸ್ತುವನ್ನು ಬರೆಯಬಹುದು; 'ಆದರೂ', 'ಒಂದು ವೇಳೆ' ಮುಂತಾದವನ್ನು ಬರೆಯುವುದು ಹೇಗೆ? ಉಚ್ಚಾರಣೆಯನ್ನು ತಿದ್ದಲು ಕಿವಿಯುಳ್ಳ ಗುರುವೇ ಬೇಕು. ಓದು, ಅಭ್ಯಾಸ, ವ್ಯಾಕರಣ ಯಾವುದನ್ನೂ ಬಿಡುವಂತಿಲ್ಲ. ಚಿತ್ರ ಕೊಡುವುದು ಆರಂಭದ ಧೈರ್ಯವನ್ನು ಮಾತ್ರ.

ಆದರೆ ಆ ಧೈರ್ಯ ಅಲ್ಪವಾದುದಲ್ಲ. ಶ್ರೀರಂಗಪಟ್ಟಣವನ್ನು ಕಂಡ ಕನ್ನಡಿಗರೊಬ್ಬರು ಆ ತರಗತಿಯಲ್ಲಿದ್ದರೆ, ಉಳಿದವರಿಗೆ ತಿಳಿಯದ ಎಷ್ಟೋ ವಿಷಯ ಅವರಿಗೆ ತಿಳಿದಿರುತ್ತದೆ. ಹುಲಿಯೂ ಹುಲಿಯ ಪಟ್ಟೆಯೂ ಟಿಪ್ಪೂವಿನ ಲಾಂಛನಗಳೆಂಬುದನ್ನು ಅವರೇ ಹೇಳಬೇಕು. ಆಗ ಕಲಿಯಲು ಬಂದವರೇ ಕಲಿಸುವವರಾಗುತ್ತಾರೆ. ಚಿತ್ರದ ಕೆಳಗೆ ಒಂದು ವಾಕ್ಯ ಬರೆಯಬೇಕಾದಾಗಲಂತೂ ಅವರ ಮುಂದೆ ದೊಡ್ಡ ಪ್ರಶ್ನೆಯೇ ನಿಲ್ಲುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ಹುಲಿ ಈಸ್ಟ್ ಇಂಡಿಯಾ ಕಂಪನಿಯವರ ವಶವಾಯಿತು. 1808ರಿಂದ ಲಂಡನ್ನಿನ ಅವರ ಕಚೇರಿಯಲ್ಲಿ ಪ್ರದರ್ಶಿತವಾಯಿತು. 1880ರ ಹೊತ್ತಿಗೆ ಸೌತ್ ಕೆನ್ಸಿಂಗ್ಟನ್ನಿಗೆ ಬಂದಿತು. ಹಾಗಾದರೆ ಅದನ್ನು ಲಂಡನ್ನಿಗೆ 'ಬ್ರಾಟ್', ತಂದರು, ಎನ್ನಬೇಕೆ? 'ಟುಕ್', ಕೊಂಡೊಯ್ದರು, ಎನ್ನಬೇಕೆ? 'ಸೀಜ್ಡ್', ಕಸಿದುಕೊಂಡರು, ಎನ್ನಬೇಕೆ? ವ್ಯಾಕರಣಕ್ಕೆ ಮೂರೂ ಸರಿ. ನಿಂತು ನೋಡುವ ಸ್ಥಳ ಮಾತ್ರ ಬೇರೆ ಬೇರೆ. ಇವುಗಳಲ್ಲಿ ಒಂದನ್ನು ಆರಿಸಿ, ಏಕೆ ಆರಿಸಿದೆನೆಂದು ತಡವರಿಸುತ್ತಲಾದರೂ ಹೇಳಿದವರು ಇಂಗ್ಲಿಷನ್ನು ಒಪ್ಪಿಸುವುದನ್ನು ಬಿಟ್ಟು ಆಡತೊಡಗಿದ್ದಾರೆ ಎನ್ನಬಹುದು. ಪರಭಾಷೆ ತಮ್ಮದಾಗುವುದು, ಅದರಲ್ಲಿ ತಮ್ಮ ಮಾತನ್ನು ಹೇಳಿದಾಗ.

ಇದಕ್ಕಾಗಿ ಎಲ್ಲರೂ ಲಂಡನ್ನಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ವೀರಗಲ್ಲು ಹತ್ತನೆಯ ಶತಮಾನದ್ದು. ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ಬೇಡಿ ಪಡೆದ 'ಕಾಳಿ' ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ಕಥೆಯನ್ನು ಆ ಕಲ್ಲು ಹೇಳುತ್ತದೆ. ಊರೂರಿನಲ್ಲಿ ಇಂಥ ವೀರಗಲ್ಲುಗಳಿವೆ. ದೇವಾಲಯದ ಗೋಡೆಗಳ ಮೇಲೆ ಆನೆ, ಕುದುರೆ, ಹಂಸಗಳ ಸಾಲುಗಳಿವೆ. ರಜೆಯ ದಿನ ಮಕ್ಕಳ ಕೈಗೆ ಪೆನ್ಸಿಲು ಕೊಟ್ಟು ಅಲ್ಲಿ ಕೂರಿಸಬಹುದು. ಮೊದಲು ನೋಡಲಿ, ಬಳಿಕ ಬರೆಯಲಿ, ಬರೆದ ಒಂದೊಂದು ಭಾಗದ ಪಕ್ಕದಲ್ಲಿ ಇಂಗ್ಲಿಷ್ ಹೆಸರನ್ನು ಗುರುತು ಮಾಡಲಿ, ಕೊನೆಗೆ ಆ ನಾಯಿಯ ಕಥೆಯನ್ನು ಐದು ವಾಕ್ಯಗಳಲ್ಲಿ ಹೇಳಲಿ. ವಾಕ್ಯದಲ್ಲಿ ತಪ್ಪು ಬಂದರೆ ಕಥೆ ಮುಗಿದ ಮೇಲೆ ತಿದ್ದಿದರಾಯಿತು. ಕಥೆಯ ನಡುವೆ ಬಾಯಿ ಹಾಕದಿರುವುದು ಹಿರಿಯರು ಕಲಿಯಬೇಕಾದ ಪಾಠ.