ಮೂರು ಗಂಟೆಯ ತಾಳಮದ್ದಳೆ, ಎಂಬತ್ತು ನಿಮಿಷದ ಸಿಡಿ

ಊರಿನಿಂದ ತಂದ, ಇಲ್ಲಿಯೇ ಸಂಘದ ಸಭಾಂಗಣಗಳಲ್ಲಿ ರೆಕಾರ್ಡ್ ಮಾಡಿದ ಹಳೆಯ ಕ್ಯಾಸೆಟ್‌ಗಳು ಮುಂಬೈ ಕನ್ನಡಿಗರ ಅದೆಷ್ಟೋ ಮನೆಗಳ ಅಟ್ಟದಲ್ಲಿವೆ. ತಾಳಮದ್ದಳೆ, ಹರಿಕಥೆ, ಭಜನೆ, ಯಾರದೋ ಮದುವೆಯ ಶೋಭಾನೆ. ಪರಿಚಯದವರು ತಂದುಕೊಟ್ಟ ಇಂಥ ಕ್ಯಾಸೆಟ್‌ಗಳನ್ನು ಸಿಡಿಗೆ ಇಳಿಸಿಕೊಡುವುದು ಕೆಲವು ವರ್ಷಗಳಿಂದ ನನ್ನ ಭಾನುವಾರದ ಕೆಲಸ.

"ಫೋನಿನಲ್ಲೇ ಕೇಳಬಹುದಲ್ಲ, ಈಗಲೂ ಸಿಡಿ ಯಾಕೆ?" ಎಂದು ಕಿರಿಯರು ಕೇಳುತ್ತಾರೆ. ಕೇಳಿಸಿಕೊಳ್ಳಬೇಕಾದವರು ಎಂಬತ್ತು ದಾಟಿದವರು. ಕಣ್ಣು ಮಂಜಾಗಿದೆ, ಫೋನಿನ ಪರದೆ ಬೆರಳಿಗೆ ಒಗ್ಗುವುದಿಲ್ಲ. ಮನೆಯಲ್ಲಿ ಹಳೆಯ ಸಿಡಿ ಪ್ಲೇಯರ್ ಒಂದಿದೆ. ಹಚ್ಚುವ ಗುಂಡಿ, ಮುಂದಕ್ಕೆ ಹೋಗುವ ಗುಂಡಿ, ಎರಡೂ ಕೈಗೆ ಗೊತ್ತು. ಅವರಿಗೆ ಅಷ್ಟು ಸಾಕು.

ತೊಡಕು ಶುರುವಾಗುವುದು ರೆಕಾರ್ಡಿಂಗ್ ಉದ್ದವಾಗಿರುವಾಗ. ಸಿನಿಮಾ ಹಾಡಾದರೆ ಹತ್ತು ಹಾಕಿದರೂ ಸಿಡಿ ತುಂಬುವುದಿಲ್ಲ. ಮೂರು ಗಂಟೆಯ ಪ್ರಸಂಗ ಬಂದಾಗ ಒಂದೊಂದೇ ಎಡವಟ್ಟು ಕಾಣಿಸಿಕೊಳ್ಳುತ್ತದೆ.

ಸೈಜು ಅಲ್ಲ, ಸಮಯ

ಎಲ್ಲರೂ ಕೇಳುವ ಮೊದಲ ಪ್ರಶ್ನೆ: "ಫೈಲು 170 ಎಂಬಿ ಮಾತ್ರ, ಸಿಡಿಯಲ್ಲಿ 700 ಎಂಬಿ ಜಾಗ ಇದೆ. ಆದರೂ ಹಿಡಿಯುವುದಿಲ್ಲ ಅನ್ನುತ್ತದಲ್ಲ?"

ಕಾರಣ ಸರಳ. ಆಡಿಯೋ ಸಿಡಿ ಅಳೆಯುವುದು ಸಮಯವನ್ನು, ಫೈಲಿನ ಗಾತ್ರವನ್ನಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಮಾಡಿದ ನಿಯಮದಂತೆ ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿಯೊಂದೂ 16 ಬಿಟ್, ಅದೂ ಎರಡು ಚಾನೆಲ್. ಲೆಕ್ಕ ಹಾಕಿದರೆ ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಸುಮಾರು 10 ಎಂಬಿ. ನಿಮ್ಮ ಎಂಪಿ3 ಎಷ್ಟೇ ಚಿಕ್ಕದಿರಲಿ, ಬರ್ನ್ ಮಾಡುವಾಗ ಅದು ಬಿಚ್ಚಿಕೊಂಡು ಈ ಗಾತ್ರಕ್ಕೇ ಬರುತ್ತದೆ. ಒಂದೇ ಮೈಕಿನಲ್ಲಿ ಮೋನೋ ಆಗಿ ರೆಕಾರ್ಡ್ ಮಾಡಿದ್ದರೂ ಜಾಗ ಉಳಿಯುವುದಿಲ್ಲ. ಸಿಡಿಯಲ್ಲಿ ಎರಡೂ ಚಾನೆಲ್ ತುಂಬಲೇಬೇಕು.

ಈಗ ಅಂಗಡಿಯಲ್ಲಿ ಸಿಗುವ ಸಿಡಿಯಲ್ಲಿ 80 ನಿಮಿಷ, ಕೆಲವು ಹಳೆಯವುಗಳಲ್ಲಿ 74 ನಿಮಿಷ ಹಿಡಿಯುತ್ತದೆ. ಸಿ-60 ಕ್ಯಾಸೆಟ್ ಒಂದು ಸಿಡಿಗೆ ಆರಾಮವಾಗಿ ಸಾಕು. ಸಿ-90 ಕ್ಯಾಸೆಟ್‌ಗೆ ಎರಡು ಬೇಕು. ಬಗ್ಗಿಸಿ ತುರುಕುವ ದಾರಿ ಇಲ್ಲ.

ಎಂಪಿ3 ಫೈಲುಗಳನ್ನು ಡೇಟಾ ಸಿಡಿಯಾಗಿ ಬರೆದರೆ ಹತ್ತು ಗಂಟೆಗೂ ಹೆಚ್ಚು ಹಿಡಿಸಬಹುದು, ನಿಜ. ಆದರೆ ಪ್ಲೇಯರಿನ ಮೇಲೆ ಎಂಪಿ3 ಎಂದು ಬರೆದಿದ್ದರೆ ಮಾತ್ರ ಅದು ಹಾಡುತ್ತದೆ. ಹಳೆಯ ಪ್ಲೇಯರ್ ಅದನ್ನು ಗುರುತಿಸುವುದೇ ಇಲ್ಲ. ಆದ್ದರಿಂದ ಸಿಡಿ ಕೊಳ್ಳುವ ಮೊದಲು ಕೇಳುವವರ ಮನೆಯ ಪ್ಲೇಯರ್ ನೋಡಿಕೊಂಡು ಬನ್ನಿ.

ಎಲ್ಲಿ ಕತ್ತರಿಸಬೇಕು?

ಮುಲುಂಡಿನ ಅಜ್ಜಿಯೊಬ್ಬರ ಸಿಡಿ ನನಗೆ ಈ ವಿಷಯವನ್ನು ಸರಿಯಾಗಿ ಕಲಿಸಿತು. ಅವರ ಯಜಮಾನರು ಹೋಟೆಲಿನಲ್ಲಿ ದುಡಿದು, ರಜೆಯ ದಿನ ಸಂಘದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ತೀರಿಕೊಂಡು ಹನ್ನೆರಡು ವರ್ಷ. ಅವರ ಧ್ವನಿ ಉಳಿದಿರುವುದು ಎರಡು ಸಿ-90 ಕ್ಯಾಸೆಟ್‌ಗಳಲ್ಲಿ ಮಾತ್ರ: ಕರ್ಣಭೇದನ ಪ್ರಸಂಗ, ಅವರದು ಕರ್ಣನ ಪಾತ್ರ. ಮಗ ಅದನ್ನು ಯಾವುದೋ ಅಂಗಡಿಗೆ ಕೊಟ್ಟು ಸಿಡಿ ಮಾಡಿಸಿದ್ದ. ಅಂಗಡಿಯವರು ಗಡಿಯಾರ ನೋಡಿ ಐದೈದು ನಿಮಿಷಕ್ಕೆ ತುಂಡು ಮಾಡಿದ್ದರು. ಪ್ರತಿ ತುಂಡಿನ ನಡುವೆ ಎರಡು ಸೆಕೆಂಡು ಮೌನ. ಎರಡನೆಯ ಸಿಡಿ ತುಂಬಿದಲ್ಲಿಗೆ ಕೆಲಸ ನಿಲ್ಲಿಸಿದ್ದರಿಂದ ಕೊನೆಯ ಭಾಗವೇ ಇರಲಿಲ್ಲ.

ಕೃಷ್ಣನಿಗೆ ಕರ್ಣ ಉತ್ತರ ಕೊಡುತ್ತಿರುವಾಗಲೇ ವಾಕ್ಯ ಮುರಿದು ಮೌನ ಬರುತ್ತಿತ್ತು. "ಅವರು ಹಾಗೆ ಮಾತಿನ ನಡುವೆ ನಿಲ್ಲಿಸಿದವರೇ ಅಲ್ಲ ಮಗಾ" ಎಂದರು ಅಜ್ಜಿ.

ತಾಳಮದ್ದಳೆ ನೋಡದವರಿಗೆ ಒಂದು ಮಾತು. ವೇಷ, ಕುಣಿತ ಇಲ್ಲದ ಯಕ್ಷಗಾನ ಅದು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲಿಂದಲೇ ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಅಂದರೆ ಕತ್ತರಿಸುವ ಜಾಗವನ್ನು ಪ್ರಸಂಗವೇ ತೋರಿಸುತ್ತದೆ: ಅರ್ಥ ಮುಗಿದು ಮುಂದಿನ ಪದ ಎತ್ತಿಕೊಳ್ಳುವ ಮೊದಲು. ಹರಿಕಥೆಯಾದರೆ ಉಪಕಥೆ ಮುಗಿದಲ್ಲಿ, ಉಪನ್ಯಾಸವಾದರೆ ಭಾಷಣಕಾರರು ನೀರು ಕುಡಿಯುವಲ್ಲಿ.

ನಾನು ಬಳಸುವುದು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ. ಇಡೀ ರೆಕಾರ್ಡಿಂಗನ್ನು ಒಮ್ಮೆ ಕೇಳುತ್ತಾ, ಪದ ಶುರುವಾಗುವಲ್ಲೆಲ್ಲ ಲೇಬಲ್ ಹಾಕುತ್ತೇನೆ. ಆಮೇಲೆ ಲೇಬಲ್ ಪ್ರಕಾರ ಎಲ್ಲ ತುಂಡುಗಳನ್ನೂ ಒಟ್ಟಿಗೆ ವೇವ್ ಫೈಲುಗಳಾಗಿ ಹೊರತೆಗೆಯಬಹುದು. ಒಂದು ಸಿಡಿಯಲ್ಲಿ 99 ಟ್ರ್ಯಾಕಿನವರೆಗೆ ಅವಕಾಶವಿದೆ. ಇಡೀ ಸಿಡಿಯನ್ನು ಒಂದೇ ಟ್ರ್ಯಾಕ್ ಮಾಡಬೇಡಿ. ನಡುವೆ ನಿಲ್ಲಿಸಿದವರು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ.

ಸಿಡಿಗಳ ಹಂಚಿಕೆಯೂ ಹಾಗೆಯೇ. 180 ನಿಮಿಷವನ್ನು 80, 80, 20 ಎಂದು ತುಂಬಿಸುವುದಕ್ಕಿಂತ, ಸನ್ನಿವೇಶ ಮುಗಿಯುವಲ್ಲಿ ನೋಡಿ ಸುಮಾರು 60ರಂತೆ ಮೂರು ಮಾಡಿ. ಇನ್ನೊಂದು ಲಾಭವಿದೆ. ಸಿಡಿ ಓದುವುದು ಒಳಗಿನಿಂದ ಹೊರಗೆ. ಅಂಚಿನವರೆಗೆ ತುಂಬಿದ ಸಿಡಿಯ ಕೊನೆಯ ನಿಮಿಷಗಳಲ್ಲಿ ಹಳೆಯ ಪ್ಲೇಯರ್‌ಗಳು ತಡವರಿಸುವುದುಂಟು. ಜಾಗ ಬಿಟ್ಟರೆ ಆ ಕಾಟ ಇಲ್ಲ.

ಮೌನ, ಟಿಕ್ ಸದ್ದು, ದಪ್ಪ ಧ್ವನಿ

ಟ್ರ್ಯಾಕುಗಳ ನಡುವೆ ಎರಡು ಸೆಕೆಂಡು ಮೌನ ಬಂದರೆ ಬರ್ನ್ ಮಾಡುವ ತಂತ್ರಾಂಶ 'ಟ್ರ್ಯಾಕ್ ಅಟ್ ಒನ್ಸ್' ವಿಧಾನದಲ್ಲಿದೆ ಎಂದರ್ಥ. ಅದನ್ನು 'ಡಿಸ್ಕ್ ಅಟ್ ಒನ್ಸ್' ಮಾಡಿ, ಗ್ಯಾಪ್ ಸೊನ್ನೆಗೆ ಇಡಿ. ಮೊದಲ ಟ್ರ್ಯಾಕಿನ ಮುಂದಿನ ಎರಡು ಸೆಕೆಂಡು ಮಾತ್ರ ನಿಯಮದ ಪ್ರಕಾರ ಇರಲೇಬೇಕು, ಅದನ್ನು ಮುಟ್ಟಬೇಡಿ.

ಗ್ಯಾಪ್ ತೆಗೆದ ಮೇಲೂ ಕೂಡಿಸಿದಲ್ಲಿ ಟಿಕ್ ಎಂದು ಕೇಳುತ್ತದೆಯೇ? ಸಿಡಿ ಒಂದು ಸೆಕೆಂಡನ್ನು 75 ಫ್ರೇಮುಗಳಾಗಿ ಭಾಗ ಮಾಡುತ್ತದೆ. ನಿಮ್ಮ ಕತ್ತರಿ ಫ್ರೇಮಿನ ನಡುವೆ ಬಿದ್ದರೆ ಉಳಿದ ಚೂರನ್ನು ಮೌನದಿಂದ ತುಂಬುತ್ತದೆ. ಆ ಟಿಕ್ ಅದೇ. ಆಡಾಸಿಟಿಯಲ್ಲಿ ಸಮಯದ ಅಳತೆಯನ್ನು ಸಿಡಿಡಿಎ ಫ್ರೇಮ್ಸ್ ಎಂದು ಆಯ್ದು, ಸ್ನ್ಯಾಪ್ ಆನ್ ಮಾಡಿ ಲೇಬಲ್ ಹಾಕಿದರೆ ಕತ್ತರಿ ಫ್ರೇಮಿನ ಗಡಿಯಲ್ಲೇ ಬೀಳುತ್ತದೆ.

ಧ್ವನಿ ದಪ್ಪಗಾಗಿ ಮಾತು ನಿಧಾನವಾದರೆ 48,000 ದರದ ರೆಕಾರ್ಡಿಂಗನ್ನು 44,100 ಎಂದು ತಿಳಿದು ಬರೆದಿರುತ್ತದೆ. ಹೊರತೆಗೆಯುವಾಗಲೇ 44,100ಕ್ಕೆ ಬದಲಿಸಿಕೊಳ್ಳಿ.

ಕಂಪ್ಯೂಟರಿನಲ್ಲಿ ಹಾಡುವ ಸಿಡಿ ಪ್ಲೇಯರಿನಲ್ಲಿ ಹಾಡದಿದ್ದರೆ ಮೂರು ಅನುಮಾನ: ಡೇಟಾ ಸಿಡಿ ಆಗಿದೆ, ಫೈನಲೈಸ್ ಆಗಿಲ್ಲ, ಅಥವಾ ಬಳಸಿದ್ದು ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ. ಹಳೆಯ ಪ್ಲೇಯರಿಗೆ ಸಾದಾ ಸಿಡಿ-ಆರ್ ಸರಿ. ವೇಗ 8 ಅಥವಾ 16 ಸಾಕು. ಫೈಲುಗಳನ್ನು ಪೆನ್ ಡ್ರೈವಿನಿಂದಲೇ ಬರೆಯದೆ ಮೊದಲು ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ, ಬರ್ನ್ ಆಗುವಾಗ ಬೇರೆ ಕೆಲಸ ಮಾಡಬೇಡಿ.

ಅಜ್ಜಿಯ ಕರ್ಣಭೇದನ ಈಗ ಮೂರು ಸಿಡಿಗಳಲ್ಲಿದೆ, ಮಂಗಳದ ಪದದವರೆಗೆ. ಎರಡನೆಯದನ್ನೇ ಅವರು ಹೆಚ್ಚು ಹಚ್ಚುತ್ತಾರಂತೆ. ಕರ್ಣನ ಉತ್ತರ ಇರುವುದು ಅದರಲ್ಲಿ.

ಸಿಡಿಯೂ ಶಾಶ್ವತವಲ್ಲ

ಬರೆಯುವ ಸಿಡಿಯೊಳಗಿನ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ. ಕಿಟಕಿಯ ಬಳಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಮೇಲ್ಮೈಗೆ ಬಾಲ್‌ಪೆನ್ ತಾಗಿಸಬೇಡಿ, ಸಿಡಿಗೆಂದೇ ಇರುವ ಮಾರ್ಕರ್ ಸಾಕು. ಮೂಲ ವೇವ್ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಆಗ ಸಿಡಿ ಗೀರಿದರೂ ಇನ್ನೊಂದು ಮಾಡಿಕೊಳ್ಳಬಹುದು.

ಇನ್ನು ಅಟ್ಟದ ಕ್ಯಾಸೆಟ್. ಅದನ್ನು ಹಾಕುವ ಮೊದಲೇ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ಯಾರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ. ಸಿಡಿ ಆದ ಮೇಲೂ ಅದನ್ನು ಎಸೆಯಬೇಡಿ. ಪೆಟ್ಟಿಗೆಯ ಮೇಲೆ ಪ್ರಸಂಗದ ಹೆಸರು, ಯಾರು ಯಾವ ಪಾತ್ರ, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಗೊತ್ತಿರುವವರು ಮನೆಯಲ್ಲಿದ್ದಾಗಲೇ ಕೇಳಿ ಬರೆದುಕೊಳ್ಳಿ.