ಆರ್‌ಎಕ್ಸ್ 100ರ ಸೈಲೆನ್ಸರ್ ಕೊಯ್ಸಿದರೆ ಏನಾಗುತ್ತದೆ?

ನಮ್ಮ ಚಾಚಾ ಬೆಟಗೇರಿಯಿಂದ ಸೀರೆ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿಗೆ ಹೋಗುವುದು ಹಳೆಯ ಯಮಹಾ ಆರ್‌ಎಕ್ಸ್ 100 ಗಾಡಿಯ ಮೇಲೆ. ಹೋದ ವರ್ಷ ಅವರಿಗೆ ಹೇಳದೆ ನಾನೂ ಭಾಯಿಜಾನೂ ಅದರ ಸೈಲೆನ್ಸರನ್ನು ಕೊಯ್ಸಿ ಗಿಡ್ಡ ಮಾಡಿಸಿದೆವು, ಏರ್ ಫಿಲ್ಟರ್ ತೆಗೆದೆವು. ಓಣಿಯ ಹುಡುಗರೆಲ್ಲ "ಏನ್ ಆವಾಜ್ ಐತಲೇ!" ಎಂದರು. ಆದರೆ ಗಂಟು ಹೊತ್ತ ಗಾಡಿ ಏರು ಹತ್ತುವಾಗ ಮೊದಲಿಗಿಂತ ಏದುತ್ತಿತ್ತು. ಮೂರನೇ ವಾರ ಮುಂಡರಗಿ ರಸ್ತೆಯಲ್ಲಿ ಇಂಜಿನ್ ಸೀಜ್ ಆಯಿತು. ಚಾಚಾ ಬಿಸಿಲಲ್ಲಿ ತಳ್ಳಿಕೊಂಡು ಬಂದರು.

ಏಕೆ ಹೀಗಾಯಿತೆಂದು ಆಮೇಲೆ ತಿಳಿದುಕೊಂಡೆ. ಈ ಗಾಡಿಯ ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಫೋರ್-ಸ್ಟ್ರೋಕಿನಂತೆ ಮೇಲೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿವೆ. ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಹೊಗೆ ಹೊರಹೋಗುವ ಕಿಂಡಿಯೂ ಹೊಸ ಪೆಟ್ರೋಲ್-ಗಾಳಿ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದಿಷ್ಟು ಪಾಲು ಉರಿಯದೆ ಸೈಲೆನ್ಸರಿಗೆ ಹೋಗಿಬಿಡುತ್ತದೆ. ಅದನ್ನು ತಡೆಯಲೆಂದೇ ಸೈಲೆನ್ಸರ್ ಒಳಗೆ ಮೊದಲು ಅಗಲವಾಗಿ, ಮುಂದೆ ಕಿರಿದಾಗುತ್ತದೆ. ಹೊಗೆಯ ಒತ್ತಡದ ಅಲೆ ಆ ಕಿರಿದಾದ ಭಾಗಕ್ಕೆ ಬಡಿದು ಹಿಂದಿರುಗಿ, ಕಿಂಡಿ ಮುಚ್ಚುವ ಮೊದಲು ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ನೂಕುತ್ತದೆ. ನಾವು ಕೊಯ್ಸಿ ಎಸೆದದ್ದು ಇದೇ ಭಾಗ!

ಫಿಲ್ಟರ್ ತೆಗೆದದ್ದು ಇನ್ನೂ ದೊಡ್ಡ ತಪ್ಪು. ಗಾಳಿ ಹೆಚ್ಚಾಯಿತು, ಕಾರ್ಬೊರೇಟರಿನ ಜೆಟ್ ಮಾತ್ರ ಹಳೆಯದೇ. ಪೆಟ್ರೋಲ್ ಕಡಿಮೆ ಬಿದ್ದರೆ ಇಂಜಿನ್ ವಿಪರೀತ ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಧೂಳು ಹೋದದ್ದು ಬೇರೆ.

ರೇಸಿನವರು ಮಾಡುವ ಕೆಲಸ ಬೇರೆ. ಹೊಗೆ ಕಿಂಡಿಯನ್ನು ಅಳತೆ ಮಾಡಿ ಮೇಲಕ್ಕೆ ಅರೆಯುತ್ತಾರೆ, ಅದಕ್ಕೆ ತಕ್ಕ ಸೈಲೆನ್ಸರ್, ಜೆಟ್ ಹಾಕುತ್ತಾರೆ. ಆಗ ಪವರ್ ಬರುವುದು ನಿಜ. ಆದರೆ ಅದು ಹೆಚ್ಚು ಆರ್‌ಪಿಎಂನಲ್ಲಿ ಮಾತ್ರ. ನಿಧಾನವಾಗಿ ಹೋಗುವಾಗ ಎಳೆಯುವ ಶಕ್ತಿ ಕುಗ್ಗುತ್ತದೆ. ಸೀರೆ ಗಂಟು ಹೊರುವ ಗಾಡಿಗೆ ಅದು ನಷ್ಟದ ವ್ಯಾಪಾರ. ಮೇಲಾಗಿ 1996ಕ್ಕೇ ತಯಾರಿಕೆ ನಿಂತ ಗಾಡಿ; ಒಳ್ಳೆಯ ಬಿಡಿಭಾಗ ಹುಡುಕುವುದೇ ಕಷ್ಟ.

ರಿಪೇರಿಗೆ ಸಿಲಿಂಡರನ್ನು ಅರ್ಧ ಮಿಲಿಮೀಟರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆವು. ಮೊದಲು ವ್ಯಾಸ 50, ಸ್ಟ್ರೋಕ್ 50 ಮಿಲಿಮೀಟರ್: 98 ಸಿಸಿ. ಈಗ ಲೆಕ್ಕ ಹಾಕಿದರೆ 100. ನಮಗೆ ಸಿಕ್ಕ ಲಾಭ ಆ ಎರಡು ಸಿಸಿ. ನನ್ನ ಈದಿ ಹಣವೆಲ್ಲ ಬಿಲ್ಲಿಗೆ ಹೋಯಿತು. ಗಾಡಿಯ ಕೀಲಿ ಈಗ ಚಾಚಾನ ದಿಂಬಿನ ಕೆಳಗಿರುತ್ತದೆ.